ಅಪ್ಪನ ಸಿಡಿಗಳಿಗೆ ಪ್ಲೇಯರ್ ಬೇಕು: 15,000 ರೂಪಾಯಿ ಒಳಗೆ ಯಾವುದು ಒಳ್ಳೆಯದು?

ಶಿರಸಿ ಕೇಳುಗ

ಎಲ್ಲರಿಗೂ ನಮಸ್ಕಾರ. ಸಿಡಿ ಪ್ಲೇಯರ್ ಬಗ್ಗೆ ತಿಳಿದವರು ಸ್ವಲ್ಪ ದಾರಿ ತೋರಿಸಬೇಕು.

ನಮ್ಮಪ್ಪನಿಗೆ ಹಿಂದೂಸ್ತಾನಿ ಸಂಗೀತ ಅಂದರೆ ಪ್ರಾಣ. ಹುಬ್ಬಳ್ಳಿ, ಧಾರವಾಡ, ಪುಣೆ ಕಡೆ ಹೋದಾಗಲೆಲ್ಲ ಸಿಡಿ ತರುತ್ತಿದ್ದರು. ಮಲ್ಲಿಕಾರ್ಜುನ ಮನ್ಸೂರ, ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಕುಮಾರ ಗಂಧರ್ವ ಎಲ್ಲರೂ ಇದ್ದಾರೆ. ದೊಡ್ಡ ಟ್ರಂಕು ತುಂಬ ಇವೆ. ಅಪ್ಪನಿಗೆ ಈಗ 78. ಮೊದಲಿನ ಹಾಗೆ ದಿನಾ ಕೇಳುವುದಿಲ್ಲ. ಭಾನುವಾರ ಸಂಜೆ ಒಂದೆರಡು ಗಂಟೆ, ಅಡಿಕೆ ಕೊಯ್ಲು ಮುಗಿದ ಮೇಲೆ ಸ್ವಲ್ಪ ಜಾಸ್ತಿ. ಆದರೆ ಕೇಳುವಾಗ ಮಾತ್ರ ಪೂರ್ತಿ ಗಮನ ಅಲ್ಲೇ. ಯಾರೂ ಮಾತಾಡುವ ಹಾಗಿಲ್ಲ.

ಹಳೆಯ ಪ್ಲೇಯರ್ ಕೈಕೊಟ್ಟಿದೆ. ಟ್ರೇ ಹೊರಗೆ ಬರಲು ತಕರಾರು ಮಾಡುತ್ತದೆ, ಬಂದರೂ ಸಿಡಿ ಹಾಕಿದರೆ ಡಿಸ್ಕ್ ಇಲ್ಲ ಅಂತ ತೋರಿಸುತ್ತದೆ. ಸದ್ಯಕ್ಕೆ ಮಗ ಬ್ಲೂಟೂತ್ ಸ್ಪೀಕರ್‌ನಲ್ಲಿ ಯೂಟ್ಯೂಬ್ ಹಾಕಿ ಕೊಡುತ್ತಾನೆ. ಅಪ್ಪ ಹತ್ತು ನಿಮಿಷ ಕೇಳಿ ಎದ್ದು ಹೋಗುತ್ತಾರೆ. "ತಂಬೂರಿನೇ ಕೇಳ್ಸೂದಿಲ್ಲ" ಅನ್ನುವುದು ಅವರ ದೂರು. ಅದು ನಿಜ, ನನಗೂ ಹಾಗೇ ಅನ್ನಿಸಿದೆ.

ಮನೆಯಲ್ಲಿ ಹಳೆಯ ಸೋನೋಡೈನ್ ಸ್ಟೀರಿಯೊ ಆಂಪ್ಲಿಫೈಯರ್ ಮತ್ತು ಎರಡು ಸ್ಪೀಕರ್ ಇವೆ. ಎರಡೂ ಚೆನ್ನಾಗಿ ಕೆಲಸ ಮಾಡುತ್ತಿವೆ. ಆಂಪ್ ಹಿಂದೆ ಸಿಡಿ, ಟ್ಯೂನರ್, ಟೇಪ್, ಆಕ್ಸ್ ಅಂತ ಸಾಕೆಟ್‌ಗಳಿವೆ. ಸ್ಪೀಕರ್‌ಗಳನ್ನು ಸ್ಟೀಲ್ ಬೀರುವಿನ ಮೇಲೆ ಇಟ್ಟಿದ್ದೇವೆ.

ನನ್ನ ಬಜೆಟ್ 15,000. ಹೊಸ ಸಿಡಿ ಪ್ಲೇಯರ್ ನೋಡಿದರೆ ಅದರ ಎರಡು ಪಟ್ಟು ಹೇಳುತ್ತಾರೆ. ವಾರಕ್ಕೊಮ್ಮೆ ಕೇಳುವುದಕ್ಕೆ ಅಷ್ಟು ಹಾಕಬೇಕಾ? ಡಿವಿಡಿ ಪ್ಲೇಯರೇ ಸಾಕು ಅಂತ ಕೆಲವರು ಹೇಳುತ್ತಾರೆ, ಅದರಲ್ಲಿ ಸಿಡಿಯ ಸೌಂಡು ಸರಿಯಾಗಿ ಬರುತ್ತದಾ? ತಂಗಿಯ ಮಗ ಜಪಾನಿನಲ್ಲಿದ್ದಾನೆ, ಅಲ್ಲಿ ಸೆಕೆಂಡ್ ಹ್ಯಾಂಡ್ ಅಗ್ಗ, ತರಲಾ ಅಂತ ಕೇಳುತ್ತಿದ್ದಾನೆ. ನಮ್ಮ ಕಡೆ ಮಳೆಗಾಲದ ಥಂಡಿ ನಿಮಗೆ ಗೊತ್ತೇ ಇದೆ. ಅದನ್ನೂ ಲೆಕ್ಕಕ್ಕೆ ಹಿಡಿದು ಹೇಳಿ.

ಜಯನಗರ 4ನೇ ಬ್ಲಾಕ್

ಸರ್, ಪ್ಲೇಯರೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಯುಎಸ್‌ಬಿ ಡಿವಿಡಿ ರೈಟರ್ ಒಂದು ತಗೊಂಡು ಎಲ್ಲ ಸಿಡಿಗಳನ್ನೂ ಕಂಪ್ಯೂಟರ್‌ಗೆ ಇಳಿಸಿಬಿಡಿ. ರೈಟರ್ ಎರಡು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ಎಕ್ಸಾಕ್ಟ್ ಆಡಿಯೊ ಕಾಪಿ ಅನ್ನುವ ಸಾಫ್ಟ್‌ವೇರ್ ವಿಂಡೋಸ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಫ್ಲ್ಯಾಕ್ ಅನ್ನುವ ಫೈಲ್ ರೂಪದಲ್ಲಿ ಇಳಿಸಿದರೆ ಸಿಡಿಯಲ್ಲಿರುವ ಒಂದು ಬಿಟ್ ಕೂಡ ಕಳೆಯುವುದಿಲ್ಲ, ಜಾಗ ಮಾತ್ರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಒಂದು ಗಂಟೆಯ ಸಿಡಿಗೆ 300ರಿಂದ 400 ಎಂಬಿ. 128 ಜಿಬಿ ಪೆನ್‌ಡ್ರೈವ್‌ನಲ್ಲಿ ಆ ಟ್ರಂಕಿನ ದೊಡ್ಡ ಪಾಲು ಹಿಡಿಯುತ್ತದೆ. ಹಳೆಯ ಲ್ಯಾಪ್‌ಟಾಪ್ ಇದ್ದರೆ ಅದಕ್ಕೆ ಒಂದು ಡ್ಯಾಕ್ (ಡಿಜಿಟಲ್ ಅಂಕಿಗಳನ್ನು ಶಬ್ದದ ಸಿಗ್ನಲ್ ಆಗಿ ಬದಲಿಸುವ ಡಬ್ಬಿ) ಹಾಕಿ ಆಂಪ್‌ಗೆ ಕೊಡಿ. ಧೂಳಿಲ್ಲ, ಲೇಸರ್ ಹೋಗುವ ಭಯ ಇಲ್ಲ.

ಕೊಪ್ಪಿಕರ ರೋಡ್

ಶಿರಸಿಯವರೇ, ನಿಮ್ಮ ಪ್ರಶ್ನೆ ಓದಿ ತುಂಬ ಖುಷಿ ಆಯಿತು. ನಾನು ಹುಬ್ಬಳ್ಳಿಯವನು. ಕ್ಯಾಸೆಟ್ ಕಾಲದಿಂದ ಟೇಪು, ಆಂಪು, ಸಿಡಿ ಪ್ಲೇಯರ್ ರಿಪೇರಿ ಮಾಡುತ್ತಾ ಬಂದಿದ್ದೇನೆ. ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಉತ್ತರ ಹೇಳಿಬಿಡುತ್ತೇನೆ. ಹೊಸ ಸಿಡಿ ಪ್ಲೇಯರ್‌ಗೆ 30,000 ಹಾಕಬೇಡಿ. ಒಳ್ಳೆ ಕಂಪನಿಯ ಹಳೆಯ ಡಿವಿಡಿ ಪ್ಲೇಯರ್ ಒಂದು ತಗೊಳ್ಳಿ. ಹಿಂದೆ ಕೋಆಕ್ಸಿಯಲ್ ಅಂತ ಬರೆದಿರುವ ಸಾಕೆಟ್ ಇರಬೇಕು, ಅದಕ್ಕೆ ಹೆಚ್ಚಾಗಿ ಕಿತ್ತಳೆ ಬಣ್ಣ ಕೊಟ್ಟಿರುತ್ತಾರೆ. ಅದರ ಜೊತೆಗೆ ಒಂದು ಸಣ್ಣ ಡ್ಯಾಕ್. ಎರಡೂ ಸೇರಿ ನಿಮ್ಮ ಬಜೆಟ್‌ನ ಅರ್ಧವೂ ಆಗುವುದಿಲ್ಲ. ಉಳಿದ ದುಡ್ಡನ್ನು ಸ್ಪೀಕರ್ ಕಡೆಗೆ ಇಟ್ಟುಕೊಳ್ಳಿ.

ಯಾಕೆ ಇಷ್ಟು ಧೈರ್ಯವಾಗಿ ಹೇಳುತ್ತೇನೆ ಅಂದರೆ, ಸಿಡಿ ಕೆಲಸ ಮಾಡುವ ರೀತಿಯೇ ಹಾಗಿದೆ. ಸೋನಿ ಮತ್ತು ಫಿಲಿಪ್ಸ್ ಸೇರಿ 1982ರಲ್ಲಿ ಇದನ್ನು ಮಾರುಕಟ್ಟೆಗೆ ತಂದವು. ಪ್ರತಿ ಸೆಕೆಂಡಿಗೆ 44,100 ಸಲ ಶಬ್ದವನ್ನು ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ನಲ್ಲಿ ಬರೆದಿರುತ್ತಾರೆ. ಆ ಲೆಕ್ಕದಲ್ಲಿ ಸುಮಾರು 22,000 ಹರ್ಟ್ಸ್ ತನಕದ ಶಬ್ದ ಅದರಲ್ಲಿ ಕೂರುತ್ತದೆ. ನಮ್ಮ ಕಿವಿಗೆ ಚಿಕ್ಕ ವಯಸ್ಸಿನಲ್ಲೇ 20,000 ದಾಟಿ ಕೇಳುವುದಿಲ್ಲ. ವಯಸ್ಸಾದಂತೆ ಅದು ಇನ್ನೂ ಇಳಿಯುತ್ತದೆ. ಅಂದರೆ ಅಪ್ಪಾಜಿಯವರ ಕಿವಿಗೆ ಬೇಕಾದದ್ದೆಲ್ಲ ಆ ತಟ್ಟೆಯಲ್ಲೇ ಇದೆ.

ಇನ್ನು ಅದನ್ನು ಓದುವ ವಿಷಯ. ಟೇಪಿನಲ್ಲಿ ಮೋಟರ್ ಸ್ವಲ್ಪ ಅಲುಗಿದರೂ ಸ್ವರ ಅಲುಗುತ್ತಿತ್ತು. ತಂಬೂರಿ ಶ್ರುತಿಯಲ್ಲಿ ಅದು ಮೊದಲು ಗೊತ್ತಾಗುತ್ತಿತ್ತು. ಬೆಲ್ಟ್ ಸಡಿಲವಾದ ಡೆಕ್‌ನಲ್ಲಿ ಷಡ್ಜ ನಿಲ್ಲುತ್ತಲೇ ಇರಲಿಲ್ಲ. ಸಿಡಿಯಲ್ಲಿ ಆ ತೊಂದರೆ ಇಲ್ಲ. ಲೇಸರ್ ಓದಿದ ಅಂಕಿಗಳು ಮೊದಲು ಒಂದು ಮೆಮೊರಿಗೆ ಹೋಗುತ್ತವೆ. ಅಲ್ಲಿಂದ ಕ್ವಾರ್ಟ್ಜ್ ಗಡಿಯಾರದ ಲೆಕ್ಕಕ್ಕೆ ಸರಿಯಾಗಿ ಹೊರಗೆ ಬರುತ್ತವೆ. ಮೋಟರ್ ಒಳಸುತ್ತಿನಲ್ಲಿ ನಿಮಿಷಕ್ಕೆ 500 ಸುತ್ತು, ಹೊರಸುತ್ತಿಗೆ ಬಂದಾಗ 200 ಸುತ್ತು ತಿರುಗುತ್ತದೆ. ಅದು ಚೂರು ಆಚೀಚೆ ಆದರೂ ನಿಮಗೆ ಕೇಳಿಸುವ ಸ್ವರಕ್ಕೆ ಏನೂ ಆಗುವುದಿಲ್ಲ. ಗೀರು ಬಿದ್ದಿದ್ದರೂ ಅಷ್ಟೇ. ಅಂಕಿಗಳನ್ನು ಒಂದೇ ಕಡೆ ಒತ್ತಾಗಿ ಬರೆಯದೆ ಚದುರಿಸಿ ಬರೆದಿರುತ್ತಾರೆ, ಜೊತೆಗೆ ತಪ್ಪು ತಿದ್ದುವ ಅಂಕಿಗಳನ್ನೂ ಸೇರಿಸಿರುತ್ತಾರೆ. ಓದುವ ದಾರಿಯಲ್ಲಿ ಸುಮಾರು ಎರಡೂವರೆ ಮಿಲಿಮೀಟರ್ ಉದ್ದ ಅಳಿಸಿಹೋಗಿದ್ದರೂ ಪ್ಲೇಯರ್ ಅದನ್ನು ಪೂರ್ತಿ ಸರಿಮಾಡಿಕೊಳ್ಳಬಲ್ಲದು.

ಹಾಗಾಗಿ ಕೋಆಕ್ಸಿಯಲ್‌ನಿಂದ ಹೊರಗೆ ಬರುವ ಅಂಕಿಗಳು 1,000 ರೂಪಾಯಿಯ ಪ್ಲೇಯರ್‌ನಲ್ಲೂ 1,00,000 ರೂಪಾಯಿಯ ಪ್ಲೇಯರ್‌ನಲ್ಲೂ ಸಾಮಾನ್ಯವಾಗಿ ಅವೇ. ವ್ಯತ್ಯಾಸ ಬರುವುದು ಅದರ ಮುಂದೆ, ಅಂಕಿಯನ್ನು ಶಬ್ದದ ಸಿಗ್ನಲ್ ಆಗಿ ಬದಲಿಸುವ ಜಾಗದಲ್ಲಿ. ಅಗ್ಗದ ಡಿವಿಡಿ ಪ್ಲೇಯರ್‌ಗಳಲ್ಲಿ ಆ ಭಾಗಕ್ಕೆ ದುಡ್ಡು ಹಾಕಿರುವುದಿಲ್ಲ. ವಿಡಿಯೊ ಸರ್ಕೀಟಿನ ಗದ್ದಲವೂ ಸೇರಿಕೊಳ್ಳುತ್ತದೆ. ಕೆಂಪು-ಬಿಳಿ ಸಾಕೆಟ್‌ನಿಂದ ನೇರ ಆಂಪ್‌ಗೆ ಕೊಟ್ಟರೆ ಹಾಡು ಬರುತ್ತದೆ, ಆದರೆ ಹಿಂದೆ ಸಣ್ಣ ಮರಮರ ಶಬ್ದ ಕೆಲವದರಲ್ಲಿ ಇರುತ್ತದೆ. ತಂಬೂರಿ ಮುಚ್ಚಿಹೋಗುವುದು ಅಲ್ಲೇ. ಅದಕ್ಕೇ ಡ್ಯಾಕ್ ಬೇಕು ಅನ್ನುವುದು. ಫಿಯೋ ಡಿ03ಕೆ ಅನ್ನುವ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಡಬ್ಬಿ ಇದೆ. ಕೋಆಕ್ಸಿಯಲ್, ಆಪ್ಟಿಕಲ್ ಎರಡನ್ನೂ ತಗೊಳ್ಳುತ್ತದೆ, ಆಚೆ ಕಡೆ ಕೆಂಪು-ಬಿಳಿ ಕೊಡುತ್ತದೆ. ನಿಮ್ಮ ಕೆಲಸಕ್ಕೆ ಅದೇ ಧಾರಾಳ. ಇನ್ನೂ ಒಳ್ಳೆಯದು ಬೇಕು ಅಂದರೆ ಟಾಪಿಂಗ್ ಇ30 ತರಹದ್ದು ನೋಡಿ. ಕೋಆಕ್ಸಿಯಲ್ ಕೇಬಲ್‌ಗೆ ಬೇರೆ ಖರ್ಚು ಬೇಡ. ಟಿವಿಗೆ ಹಾಕುತ್ತಿದ್ದ ಹಳದಿ ವಿಡಿಯೊ ಕೇಬಲ್ ಒಂದು ಇದ್ದರೆ ಅದೇ ಸಾಕು, ಅದೂ 75 ಓಮ್ ಲೆಕ್ಕದ್ದೇ. ಸಾವಿರಗಟ್ಟಲೆ ಬೆಲೆಯ ಕೇಬಲ್ ತೋರಿಸಿದರೆ ನಮಸ್ಕಾರ ಹೇಳಿ ಬನ್ನಿ.

ಡಿವಿಡಿ ಪ್ಲೇಯರ್ ಮೆನುವಿನಲ್ಲಿ ಒಂದು ಕೆಲಸ ಮಾಡಬೇಕು. ಡಿಜಿಟಲ್ ಔಟ್‌ಪುಟ್ ಅನ್ನುವ ಕಡೆ ಪಿಸಿಎಂ (ಹಿಂಡದ ನೇರ ಅಂಕಿಗಳು) ಅಂತ ಆರಿಸಿ. ಸಿಡಿಗೆ ಅಷ್ಟೇನೂ ವ್ಯತ್ಯಾಸ ಬರದಿದ್ದರೂ, ಮುಂದೆ ಯಾವತ್ತಾದರೂ ಸಂಗೀತ ಕಛೇರಿಯ ಡಿವಿಡಿ ಹಾಕಿದರೆ ಡ್ಯಾಕ್‌ಗೆ ಬೇರೆ ಭಾಷೆ ಅರ್ಥವಾಗುವುದಿಲ್ಲ, ಶಬ್ದವೇ ಬರುವುದಿಲ್ಲ. ಇದಕ್ಕೆ ಒಂದು ಸಲ ಟಿವಿ ಜೋಡಿಸಬೇಕಾಗುತ್ತದೆ. ಆಮೇಲೆ ಟಿವಿ ತಂತಿ ಕಿತ್ತುಬಿಡಿ. ಟಿವಿ, ಕೇಬಲ್ ಕನೆಕ್ಷನ್, ಆಂಪ್ ಮೂರೂ ಒಂದಕ್ಕೊಂದು ಸೇರಿದಾಗ ಸ್ಪೀಕರ್‌ನಲ್ಲಿ ಗುಂಯ್ ಅನ್ನುವ ಹಮ್ ಬರುವುದು ಬಹಳ ಸಾಮಾನ್ಯ. ಕಿತ್ತರೆ ಹೋಗುತ್ತದೆ.

ನಿಮ್ಮ ಟ್ರಂಕಿನಲ್ಲಿ ಒಂದರಲ್ಲೇ 50 ಹಾಡು ತುಂಬಿದ ಎಂಪಿ3 ಸಿಡಿಗಳೂ ಇರಬಹುದು, ಒಮ್ಮೆ ನೋಡಿ. ನಮ್ಮ ಕಡೆ ಅವು ಬಹಳ ಮಾರಾಟ ಆಗಿದ್ದವು. ನೋಡಲು ಸಿಡಿಯೇ, ಆದರೆ ಸೌಂಡು ಸಿಡಿಯದಲ್ಲ. ಹಾಡನ್ನು ಹಿಂಡಿ ಸಣ್ಣದು ಮಾಡಿರುತ್ತಾರೆ. ಹಳೆಯ ಸಿಡಿ ಪ್ಲೇಯರ್‌ಗಳಲ್ಲಿ ಅವು ಓಡುವುದೇ ಇಲ್ಲ. ಡಿವಿಡಿ ಪ್ಲೇಯರ್‌ಗಳಲ್ಲಿ ಹೆಚ್ಚಿನವು ಓಡಿಸುತ್ತವೆ.

ಈಗ ನಿಮಗೆ ನಿಜವಾಗಿ ಬೇಕಾದ ಮಾತು. ವಾರಕ್ಕೊಮ್ಮೆ ಕೇಳುವವರ ಪ್ಲೇಯರ್ ಕೆಡುವುದು ಓಡಿ ಓಡಿ ಅಲ್ಲ, ಸುಮ್ನೆ ಕೂತು. ನನ್ನ ಬೆಂಚಿಗೆ ಬಂದ ಮಷೀನುಗಳಲ್ಲಿ ಜಾಸ್ತಿ ನೋಡಿದ್ದು ಇದನ್ನೇ. ಟ್ರೇ ಎಳೆಯುವ ಸಣ್ಣ ರಬ್ಬರ್ ಬೆಲ್ಟ್ ಒಂದೇ ಜಾಗದಲ್ಲಿ ಕೂತು ಸೆಟೆದುಕೊಳ್ಳುತ್ತದೆ. ಲೇಸರ್ ಓಡಾಡುವ ಕಂಬಿಯ ಮೇಲಿನ ಗ್ರೀಸ್ ಗಟ್ಟಿಯಾಗುತ್ತದೆ. ಮಲೆನಾಡಿನ ಮಷೀನಾದರೆ ಲೆನ್ಸ್ ಮೇಲೆ ಮಂಜು ಹಿಡಿದ ಹಾಗೆ ಪೊರೆ ಇರುತ್ತದೆ. ಆಗ ಡಿಸ್ಕ್ ಇಲ್ಲ ಅಂತ ತೋರಿಸುತ್ತದೆ. ಅಂಗಡಿಯವರು ಲೇಸರ್ ಹೋಗಿದೆ ಅಂದುಬಿಡುತ್ತಾರೆ. ಎಷ್ಟೋ ಸಲ ಲೇಸರ್ ಚೆನ್ನಾಗೇ ಇರುತ್ತದೆ.

ಅದಕ್ಕೇ ನಿಮ್ಮ ಹಳೆಯ ಪ್ಲೇಯರನ್ನು ಗುಜರಿಗೆ ಹಾಕುವ ಮೊದಲು ಮೇಲಿನ ಮುಚ್ಚಳ ಬಿಚ್ಚಿ ನೋಡಿ. ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಟ್ಟು ಬಿಚ್ಚಬೇಕು, ಇದು ಮರೆಯಬಾರದು. ಐಸೋಪ್ರೊಪೈಲ್ ಆಲ್ಕೋಹಾಲ್ ಹತ್ತಿಕಡ್ಡಿಗೆ ತೇವ ಆಗುವಷ್ಟು ಮಾತ್ರ ಹಚ್ಚಿ ಲೆನ್ಸ್ ಮೇಲೆ ಹಗುರವಾಗಿ ಸವರಿ. ಒತ್ತಬೇಡಿ, ಲೆನ್ಸ್ ಕೂದಲಿನಷ್ಟು ತೆಳುವಾದ ತಂತಿಗಳ ಮೇಲೆ ತೇಲುತ್ತಿರುತ್ತದೆ. ಬೆಲ್ಟ್ ಹತ್ತಿಪ್ಪತ್ತು ರೂಪಾಯಿಯ ಸಾಮಾನು. ಲೇಸರ್ರೇ ಹೋಗಿದ್ದರೂ, ಸೋನಿ ಕೆಎಸ್‌ಎಸ್-213 ತರಹದ ಸಾಮಾನ್ಯ ಪಿಕಪ್ ಆಗಿದ್ದರೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹುಡುಕಬಹುದು.

ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಮನೆಯಿಂದ ಎರಡು ಸಿಡಿ ಹಿಡಿದು ಹೋಗಿ. ಒಂದು, 70 ನಿಮಿಷಕ್ಕೂ ಉದ್ದದ್ದು. ಅದರ ಕೊನೆಯ ಟ್ರ್ಯಾಕ್ ಹಾಕಿ ನೋಡಿ. ಸಿಡಿಯನ್ನು ಒಳಗಿನಿಂದ ಹೊರಗೆ ಓದುವುದರಿಂದ, ಕಂಬಿ ಅಥವಾ ಲೇಸರ್ ಸೋತಿದ್ದರೆ ಅಲ್ಲಿ ತೊದಲುತ್ತದೆ. ಇನ್ನೊಂದು, ಮನೆಯಲ್ಲಿ ಬರೆದ ಸಿಡಿ-ಆರ್. ಅದರ ಹೊಳಪು ಕಡಿಮೆ. ಸೋತ ಲೇಸರ್ ಅದನ್ನು ಓದಲು ಒದ್ದಾಡುತ್ತದೆ. ಇವೆರಡೂ ಸಲೀಸಾಗಿ ಓಡಿದರೆ, ಟ್ರೇ ನಾಲ್ಕೈದು ಸಲ ತಡೆಯಿಲ್ಲದೆ ಒಳಗೆ ಹೊರಗೆ ಆದರೆ, ಕಣ್ಣು ಮುಚ್ಚಿ ತಗೊಳ್ಳಿ. ರಿಮೋಟ್ ಇದ್ದರೆ ಮಾತ್ರ ತಗೊಳ್ಳಿ. ಡಿವಿಡಿ ಪ್ಲೇಯರ್‌ನಲ್ಲಿ ರಿಮೋಟ್ ಇಲ್ಲದೆ ಮೆನು ತೆಗೆಯಲು ಆಗುವುದಿಲ್ಲ.

ಕೊನೆಯದಾಗಿ ಆ ಸ್ಟೀಲ್ ಬೀರು. ದಯವಿಟ್ಟು ಸ್ಪೀಕರ್‌ಗಳನ್ನು ಅಲ್ಲಿಂದ ಇಳಿಸಿ. ತಗಡು ಅದುರುತ್ತದೆ, ಶಬ್ದ ಅಪ್ಪಾಜಿಯವರ ತಲೆಯ ಮೇಲೆ ಹಾದು ಹೋಗುತ್ತದೆ. ಗಟ್ಟಿ ಸ್ಟೂಲ್ ಎರಡು ಮಾಡಿಸಿ, ಸಣ್ಣ ಸ್ಪೀಕರ್ ಯೂನಿಟ್ ಅವರು ಕೂತಾಗ ಕಿವಿಯ ಎತ್ತರಕ್ಕೆ ಬರಲಿ. ಎರಡು ಸ್ಪೀಕರ್‌ಗಳ ನಡುವೆ ಎಷ್ಟು ದೂರವೋ, ಪ್ರತಿಯೊಂದರಿಂದ ಅವರ ಕುರ್ಚಿಗೂ ಅಷ್ಟೇ ದೂರ ಇರಲಿ. ಹಿಂದಿನ ಗೋಡೆಯಿಂದ ಒಂದು ಮೊಳವಾದರೂ ಮುಂದೆ ಬರಲಿ. ಪ್ಲೇಯರ್ ಬದಲಿಸಿ ಸಿಗುವ ವ್ಯತ್ಯಾಸಕ್ಕಿಂತ ಇದರಲ್ಲಿ ಸಿಗುವುದು ಎಷ್ಟೋ ಪಾಲು ಹೆಚ್ಚು. ಬಡಗಿ ಕೂಲಿ ಬಿಟ್ಟರೆ ಖರ್ಚೂ ಇಲ್ಲ.

ಮಣಿಪಾಲ ಮೇಷ್ಟ್ರು

ಕೊಪ್ಪಿಕರ ರೋಡಿನವರು ಬರೆದದ್ದು ಓದಿದೆ. ಸೌಂಡಿನ ವಿಷಯದಲ್ಲಿ ನಾನು ತಕರಾರು ಮಾಡುವುದಿಲ್ಲ. ಆದರೆ 78ರ ಹಿರಿಯರು ತಾವೇ ಹಾಕಿಕೊಂಡು ಕೇಳಬೇಕು ಅಂದರೆ ಡಿವಿಡಿ ಪ್ಲೇಯರ್ ಸರಿಹೋಗುವುದಿಲ್ಲ ಅಂತ ನನಗೆ ಅನ್ನಿಸುತ್ತದೆ.

ನನ್ನಲ್ಲಿ ಯಮಹಾ ಸಿಡಿ-ಎಸ್303 ಇದೆ. ಸಿಡಿ ಹಾಕಿ ಒಂದು ಗುಂಡಿ ಒತ್ತಿದರೆ ಹಾಡು ಶುರು. ಎಷ್ಟನೇ ಟ್ರ್ಯಾಕ್ ಅಂತ ಮುಂದೆ ದೊಡ್ಡದಾಗಿ ಕಾಣುತ್ತದೆ. ರಿಮೋಟಿನಲ್ಲಿ 5 ಒತ್ತಿದರೆ ಐದನೆಯದಕ್ಕೆ ಹೋಗುತ್ತದೆ. ಎಷ್ಟೋ ಡಿವಿಡಿ ಪ್ಲೇಯರ್‌ಗಳಲ್ಲಿ ಡಿಸ್‌ಪ್ಲೇನೇ ಇರುವುದಿಲ್ಲ, ಟಿವಿ ಇಲ್ಲದೆ ಏನು ಓಡುತ್ತಿದೆ ಅಂತ ಗೊತ್ತಾಗುವುದಿಲ್ಲ.

ಇನ್ನೊಂದು ಮುಖ್ಯ ವಿಷಯ, ಟ್ರ್ಯಾಕ್‌ಗಳ ನಡುವಿನ ಅಂತರ. ಕಛೇರಿಯ ಸಿಡಿಯಲ್ಲಿ ನಿಧಾನ ಲಯದ ಬಡಾ ಖ್ಯಾಲ್ ಒಂದು ಟ್ರ್ಯಾಕ್, ಅದರ ಹಿಂದೆಯೇ ಬರುವ ವೇಗದ ಛೋಟಾ ಖ್ಯಾಲ್ ಇನ್ನೊಂದು ಟ್ರ್ಯಾಕ್ ಮಾಡಿರುತ್ತಾರೆ. ಹಾಡಿದವರು ನಿಲ್ಲಿಸಿರುವುದಿಲ್ಲ, ತಬಲಾ ಲಯ ಬದಲಿಸಿಕೊಂಡು ಮುಂದೆ ಹೋಗಿರುತ್ತದೆ. ಕೆಲವು ಡಿವಿಡಿ ಪ್ಲೇಯರ್‌ಗಳು ಅಲ್ಲಿ ಅರ್ಧ ಸೆಕೆಂಡು, ಒಂದು ಸೆಕೆಂಡು ಮೌನ ಮಾಡಿಬಿಡುತ್ತವೆ. ಸಭೆಯ "ವಾಹ್" ಮಧ್ಯದಲ್ಲೇ ಕಡಿದು ಹೋಗುತ್ತದೆ. ಗಮನ ಇಟ್ಟು ಕೇಳುವವರಿಗೆ ಅದು ತುಂಬ ಹಿಂಸೆ. ಬರೀ ಸಿಡಿಗೆ ಅಂತಲೇ ಮಾಡಿದ ಪ್ಲೇಯರ್‌ಗಳಲ್ಲಿ ಈ ತೊಂದರೆ ಇರುವುದಿಲ್ಲ.

ಹೊಸದು ಬಜೆಟ್ ಮೀರುತ್ತದೆ, ಒಪ್ಪುತ್ತೇನೆ. ಹಾಗಾದರೆ ಸೆಕೆಂಡ್ ಹ್ಯಾಂಡ್‌ನಲ್ಲಿ ಮರಾಂಟ್ಜ್, ಡೆನಾನ್, ಯಮಹಾ, ಎನ್‌ಎಡಿ ಇವುಗಳ ಹಳೆಯ ಸಿಡಿ ಪ್ಲೇಯರ್ ಹುಡುಕಿ. ಫಿಯೋ ಡಿಎಂ13 ಅನ್ನುವ ಸಣ್ಣ ಪ್ಲೇಯರ್ ಕೂಡ ಬಂದಿದೆ, ನಿಮ್ಮ ಬಜೆಟ್‌ಗೆ ಹತ್ತಿರ. ಬ್ಯಾಟರಿ ಇರುವುದರಿಂದ ಕರೆಂಟ್ ಹೋದರೂ ಪ್ಲೇಯರ್ ಓಡುತ್ತದೆ, ಹೆಡ್‌ಫೋನ್ ಹಾಕಿ ಕೇಳಬಹುದು. ಮುಚ್ಚಳ ಮೇಲಕ್ಕೆ ತೆರೆಯುತ್ತದೆ, ಟ್ರೇ ಬೆಲ್ಟಿನ ರಗಳೆ ಇಲ್ಲ.

ಶಿರಸಿ ಕೇಳುಗ

ಎಲ್ಲರಿಗೂ ತುಂಬ ಧನ್ಯವಾದ. ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ.

ಹಳೆಯ ಪ್ಲೇಯರ್ ಬಿಚ್ಚಿದೆವು. ಲೆನ್ಸ್ ಒರೆಸಿದ ಮೇಲೆ ಕೆಲವು ಸಿಡಿ ಓದುತ್ತದೆ, ಕೆಲವು ಓದುವುದಿಲ್ಲ. ನಂಬುವ ಹಾಗಿಲ್ಲ. ಆದರೆ ಅಟ್ಟದ ಮೇಲೆ ಮಗಳು ಚಿಕ್ಕವಳಿದ್ದಾಗ ತಂದ ಡಿವಿಡಿ ಪ್ಲೇಯರ್ ಸಿಕ್ಕಿತು. ಹಿಂದೆ ಕಿತ್ತಳೆ ಸಾಕೆಟ್ ಇದೆ! ರಿಮೋಟೂ ಇದೆ. ಸದ್ಯಕ್ಕೆ ಕೆಂಪು-ಬಿಳಿ ತಂತಿಯಲ್ಲಿ ಆಂಪ್‌ಗೆ ಕೊಟ್ಟು, ಸ್ಪೀಕರ್ ಬೀರುವಿನಿಂದ ಇಳಿಸಿ ಎರಡು ಮರದ ಸ್ಟೂಲಿನ ಮೇಲೆ ಇಟ್ಟೆವು. ಅಪ್ಪ ಮನ್ಸೂರರ ಸಿಡಿ ಹಾಕಿಸಿದರು. ಒಂದು ಗಂಟೆ ಕುರ್ಚಿ ಬಿಟ್ಟು ಏಳಲಿಲ್ಲ. ಬೀರು ಬಗ್ಗೆ ಹೇಳಿದವರಿಗೆ ಅಪ್ಪನ ಕಡೆಯಿಂದ ವಿಶೇಷ ನಮಸ್ಕಾರ.

ಆದರೆ ಮೇಷ್ಟ್ರು ಹೇಳಿದ ಅಂತರ ಇದರಲ್ಲೂ ಇದೆ. ಅಪ್ಪ ಅಲ್ಲಿ ಪ್ರತಿ ಸಲ ಮುಖ ಕಿವುಚುತ್ತಾರೆ. ಅದಕ್ಕೆ ಏನಾದರೂ ಉಪಾಯ ಉಂಟಾ? ಮತ್ತೆ ಕೆಲವು ಸಿಡಿಗಳಲ್ಲಿ ಸುಯ್ ಅನ್ನುವ ಶಬ್ದ ಜಾಸ್ತಿ, ಕೆಲವದರಲ್ಲಿ ಇಲ್ಲವೇ ಇಲ್ಲ. ಇದು ಪ್ಲೇಯರ್ ದೋಷವಾ? ಡ್ಯಾಕ್ ಹಾಕಿದರೆ ಹೋಗುತ್ತದಾ? ಜಪಾನಿನ ವಿಷಯಕ್ಕೂ ಉತ್ತರ ಬೇಕಿತ್ತು. ಅಲ್ಲಿ ಹಾರ್ಡ್ ಆಫ್ ಅನ್ನುವ ಅಂಗಡಿಯಲ್ಲಿ ಹಳೆಯ ಸಿಡಿ ಪ್ಲೇಯರ್‌ಗಳು ಸಾಲಾಗಿ ಇವೆ ಅಂತ ಹುಡುಗ ಫೋಟೊ ಕಳಿಸಿದ್ದಾನೆ.

ಕೊಪ್ಪಿಕರ ರೋಡ್

ಅಪ್ಪಾಜಿಯವರು ಏಳದೆ ಕೂತು ಕೇಳಿದರು ಅನ್ನುವುದು ಓದಿ ಮನಸ್ಸು ತುಂಬಿತು.

ಸುಯ್ ಶಬ್ದದ ವಿಷಯ. ಒಂದೇ ಪ್ಲೇಯರ್‌ನಲ್ಲಿ ಒಂದು ಸಿಡಿಯಲ್ಲಿ ಬಂದು ಇನ್ನೊಂದರಲ್ಲಿ ಬರುವುದಿಲ್ಲ ಅಂದರೆ ಅದು ರೆಕಾರ್ಡಿಂಗಿನಲ್ಲೇ ಇದೆ. ಮನ್ಸೂರರು 1930ರ ದಶಕದಲ್ಲೇ 78 ಆರ್‌ಪಿಎಂ ಗ್ರಾಮೊಫೋನ್ ತಟ್ಟೆಗಳಿಗೆ ಹಾಡಿದವರು. ಆ ಕಾಲದ ತಟ್ಟೆಗಳಿಂದ, ಆಮೇಲಿನ ಆಕಾಶವಾಣಿ ಟೇಪುಗಳಿಂದ, ಖಾಸಗಿ ಬೈಠಕ್‌ಗಳ ಟೇಪುಗಳಿಂದ ಸಿಡಿ ಮಾಡಿದ್ದು ಬಹಳ ಇವೆ. ಟೇಪಿನ ಸುಯ್ ಅದರ ಜೊತೆಗೇ ಬಂದಿರುತ್ತದೆ. ಯಾವ ಡ್ಯಾಕೂ ಅದನ್ನು ತೆಗೆಯುವುದಿಲ್ಲ. ನನ್ನ ಅನಿಸಿಕೆಯಲ್ಲಿ ತೆಗೆಯಲೂಬಾರದು. ಸುಯ್ ಪೂರ್ತಿ ಒರೆಸಿದ ಸಿಡಿಗಳನ್ನು ಕೇಳಿದ್ದೇನೆ. ಅದರ ಜೊತೆಗೆ ತಂಬೂರಿಯ ಜವಾರಿಯೂ (ತಂತಿಯ ಝೇಂಕಾರ), ಸ್ವರ ಮುಗಿಯುವಾಗಿನ ಉಸಿರೂ ಒರೆಸಿಹೋಗಿರುತ್ತದೆ. ಆಂಪ್‌ನಲ್ಲಿ ಟ್ರೆಬಲ್ ಚೂರು ಇಳಿಸಿ ಕೇಳಿದರೆ ಕಿವಿಗೆ ಹಿತ.

ಹಾಗಂತ ಡ್ಯಾಕ್ ಬೇಡ ಅಂತಲ್ಲ. ಒಂದು ಪರೀಕ್ಷೆ ಮಾಡಿ. ಸಿಡಿ ಹಾಕಿ ಪಾಜ್ ಒತ್ತಿ, ವಾಲ್ಯೂಮ್ ಕೇಳುವ ಮಟ್ಟಕ್ಕಿಂತ ಸ್ವಲ್ಪ ಏರಿಸಿ. ಆಗ ಬರುವ ಗದ್ದಲ ಪ್ಲೇಯರ್ ಮತ್ತು ಆಂಪಿನದು. ಅದು ಕೇಳಿಸಿದರೆ ಡ್ಯಾಕ್ ಹಾಕಿ ಮತ್ತೆ ನೋಡಿ. ಪಾಜ್ ಬಿಡುವ ಮೊದಲು ವಾಲ್ಯೂಮ್ ಇಳಿಸಲು ಮರೆಯಬೇಡಿ. ಎರಡನ್ನೂ ಹೋಲಿಸುವಾಗ ಶಬ್ದದ ಮಟ್ಟ ಸಮ ಇರಬೇಕು. ಚೂರು ಜೋರಾಗಿದ್ದದ್ದು ನಮಗೆಲ್ಲ ಚೆನ್ನಾಗಿದೆ ಅನ್ನಿಸಿಬಿಡುತ್ತದೆ. ಅಂಗಡಿಗಳಲ್ಲಿ ದುಬಾರಿ ಪ್ಲೇಯರ್ ಮಾರುವುದಕ್ಕೆ ಇದು ಬಹಳ ಸಲ ಸಹಾಯ ಮಾಡಿದೆ.

ಅಂತರದ ವಿಷಯದಲ್ಲಿ ಮೇಷ್ಟ್ರು ಹೇಳಿದ್ದು ಸರಿ. ಅದು ಪ್ಲೇಯರ್ ಒಳಗಿನ ಸಾಫ್ಟ್‌ವೇರ್‌ನ ಗುಣ, ನಾವು ಬದಲಿಸಲು ಆಗುವುದಿಲ್ಲ. ಆದರೆ ಜಯನಗರದವರು ಹೇಳಿದ ದಾರಿಯಲ್ಲಿ ಒಂದು ಉಪಾಯ ಇದೆ. ಅಪ್ಪಾಜಿಯವರಿಗೆ ತುಂಬ ಇಷ್ಟದ ಕಛೇರಿಗಳನ್ನು ಕಂಪ್ಯೂಟರ್‌ಗೆ ಇಳಿಸುವಾಗ, ಟ್ರ್ಯಾಕ್ ಟ್ರ್ಯಾಕ್ ಬೇರೆ ಮಾಡದೆ ಪೂರ್ತಿ ಸಿಡಿಯನ್ನು ಒಂದೇ ಫೈಲ್ ಮಾಡಿ. ಅದನ್ನು ಒಂದೇ ಟ್ರ್ಯಾಕಿನ ಆಡಿಯೊ ಸಿಡಿಯಾಗಿ ಬರೆಯಿರಿ. ನಡುವೆ ಟ್ರ್ಯಾಕೇ ಇಲ್ಲ ಅಂದಮೇಲೆ ಪ್ಲೇಯರ್ ಎಲ್ಲಿ ನಿಲ್ಲುತ್ತದೆ? ಬೇಕಾದ ಜಾಗಕ್ಕೆ ಹಾರಲು ಆಗುವುದಿಲ್ಲ, ಅಷ್ಟೇ. ಶುರುವಿನಿಂದ ಕೊನೆ ತನಕ ಕೇಳುವವರಿಗೆ ಅದೇನು ತೊಂದರೆ ಅಲ್ಲ ಅಲ್ವಾ?

ಹೇಗೂ ಇಳಿಸಲು ಕೂತಾಗ, ಟ್ರಂಕಿನಲ್ಲಿ ಮನೆಯಲ್ಲೇ ಬರೆದ ಸಿಡಿ-ಆರ್‌ಗಳಿದ್ದರೆ ಅವನ್ನು ಮೊದಲು ಇಳಿಸಿ. ಅಂಗಡಿಯ ಸಿಡಿಯಲ್ಲಿ ಅಂಕಿಗಳು ಪ್ಲಾಸ್ಟಿಕ್ಕಿನಲ್ಲೇ ಅಚ್ಚೊತ್ತಿರುತ್ತವೆ. ಸಿಡಿ-ಆರ್‌ನಲ್ಲಿ ಬಣ್ಣದ ಪದರದ ಮೇಲೆ ಸುಟ್ಟು ಬರೆದಿರುತ್ತದೆ. ಬಿಸಿಲು, ಶಾಖ ತಾಗಿದರೆ ಅದು ಮಾಸುತ್ತದೆ. ಹೋದರೆ ಹೋಯಿತು.

ಫಿಯೋ ಡಿಎಂ13 ಒಳ್ಳೆಯ ಸಾಮಾನೇ. ಆದರೆ ಮೇಲೆ ಮುಚ್ಚಳ ಇರುವ ಸಣ್ಣ ಪ್ಲೇಯರ್‌ಗಳಲ್ಲಿ ಸಿಡಿಯನ್ನು ನಡುವಿನ ಗುಬುಟಿಗೆ ಒತ್ತಿ ಕೂರಿಸಬೇಕು, ತೆಗೆಯುವಾಗ ಬೆರಳಲ್ಲಿ ಎಬ್ಬಿಸಬೇಕು. ಹಿರಿಯರ ಕೈ ನಡುಗುತ್ತಿದ್ದರೆ ಅದು ಕಷ್ಟ. ಟ್ರೇ ಮೇಲೆ ಸುಮ್ನೆ ಇಟ್ಟರೆ ಆಯಿತು. ಕೊಳ್ಳುವ ಮೊದಲು ಅವರ ಕೈಯಲ್ಲೇ ಒಮ್ಮೆ ಹಾಕಿಸಿ ನೋಡಿ.

ಜಪಾನಿನಿಂದ ತರಬಹುದು, ಆದರೆ ಅಲ್ಲಿನ ಮಷೀನು 100 ವೋಲ್ಟಿನದು. ನಮ್ಮ 230ಕ್ಕೆ ನೇರ ಹಾಕಿದರೆ ಆ ಕ್ಷಣಕ್ಕೆ ಸುಟ್ಟು ಹೋಗುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಔಟ್‌ಪುಟ್ 110 ಅಲ್ಲ, 100 ವೋಲ್ಟ್ ಅಂತ ಕೇಳಿ ತಗೊಳ್ಳಿ. ಸಿಡಿ ಪ್ಲೇಯರ್ 10ರಿಂದ 20 ವ್ಯಾಟ್ ಎಳೆಯುತ್ತದೆ ಅಷ್ಟೇ, 50 ವ್ಯಾಟಿನದು ಸಾಕು. ಸಿಡಿಗೆ ಡಿವಿಡಿ ಹಾಗೆ ದೇಶದ ಕೋಡ್ ಇಲ್ಲ, ಆ ಚಿಂತೆ ಬೇಡ. ಹಾರ್ಡ್ ಆಫ್‌ನಲ್ಲಿ ಜಂಕ್ ಅಂತ ಬೇರೆ ವಿಭಾಗ ಇರುತ್ತದೆ, ಓಡುತ್ತದೆ ಅನ್ನುವ ಭರವಸೆ ಇಲ್ಲದ ಮಾಲು. ಅಲ್ಲಿ ಕೈ ಹಾಕಬೇಡ ಅಂತ ಹುಡುಗನಿಗೆ ಹೇಳಿ. ಕೆಲವು ಹಳೆಯ ಪ್ಲೇಯರ್‌ಗಳ ಅಡಿಯಲ್ಲಿ ಲೇಸರ್ ಅಲುಗದ ಹಾಗೆ ಬಿಗಿಯುವ ಸಾಗಾಟದ ಸ್ಕ್ರೂ ಇರುತ್ತದೆ. ವಿಮಾನಕ್ಕೆ ಹಾಕುವ ಮೊದಲು ಬಿಗಿಯಬೇಕು, ಇಲ್ಲಿ ಬಂದ ಮೇಲೆ ಸಡಿಲಿಸಬೇಕು.

ಶಿರಸಿಯ ಮಳೆಗಾಲಕ್ಕೆ: ಯಾರೂ ಕೇಳದಿದ್ದರೂ ವಾರಕ್ಕೊಮ್ಮೆ ಅರ್ಧ ಗಂಟೆ ಒಂದು ಸಿಡಿ ಓಡಿಸಿ. ಒಳಗಿನ ಶಾಖಕ್ಕೆ ತೇವ ಆರುತ್ತದೆ, ಬೆಲ್ಟೂ ಗ್ರೀಸೂ ಕದಲುತ್ತವೆ. ಟ್ರಂಕಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಸಿಡಿಗೆ ಬೂಷ್ಟು ಹಿಡಿದಿದ್ದರೆ ಬರೀ ನೀರು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತೊಳೆದು, ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆಗೆ ನೇರ ಒರೆಸಿ. ಸುತ್ತ ಸುತ್ತ ಒರೆಸಬೇಡಿ. ಹಾಗೆ ಬಿದ್ದ ಗೀರು ಓದುವ ದಾರಿಯುದ್ದಕ್ಕೂ ಬರುತ್ತದೆ, ತಿದ್ದಿಕೊಳ್ಳಲು ಆಗುವುದಿಲ್ಲ. ಹೆಸರು ಅಚ್ಚಾಗಿರುವ ಮೇಲ್ಮೈಯನ್ನೂ ಜೋಪಾನ ಮಾಡಿ, ಹೊಳೆಯುವ ಅಲ್ಯೂಮಿನಿಯಂ ಪದರ ಇರುವುದು ಆ ಕಡೆಗೇ ಹತ್ತಿರ. ಗುಡುಗು ಶುರುವಾದರೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗೇ ಕಿತ್ತಿಡಿ.

ಶಿರಸಿ ಕೇಳುಗ

ಫಿಯೋ ಡಿ03ಕೆ ತರಿಸಿದೆ. ಹಳದಿ ಕೇಬಲ್ ಮನೆಯಲ್ಲೇ ಇತ್ತು. ಪಾಜ್ ಒತ್ತಿ ಪರೀಕ್ಷೆ ಮಾಡಿದೆವು, ಮೊದಲಿದ್ದ ಮರಮರ ಈಗ ಇಲ್ಲ. ಗಂಗೂಬಾಯಿಯವರ ಸಿಡಿ ಹಾಕಿದಾಗ ಅಪ್ಪ ತಂಬೂರಿಯ ಬಗ್ಗೆ ದೂರು ಹೇಳಲಿಲ್ಲ. ಹಾರ್ಮೋನಿಯಂ ಯಾರದ್ದು ಅಂತ ಪುಸ್ತಿಕೆ ತೆಗೆದು ನೋಡಿದರು. ಯೂಟ್ಯೂಬ್‌ನಲ್ಲಿ ಕೇಳುವಾಗ ಸಾಥ್ ಕೊಟ್ಟವರ ಹೆಸರು ಎಷ್ಟೋ ಸಲ ಸಿಗುವುದೇ ಇಲ್ಲ ಅಂತ ಅವರಿಗೆ ಅದೂ ಒಂದು ಬೇಸರ ಇತ್ತು.

ಜಪಾನಿನದು ಬೇಡ ಅಂದೆ. ಒಂದೇ ಟ್ರ್ಯಾಕ್ ಮಾಡಿ ಬರೆಯುವ ಕೆಲಸ ಮಗ ಮಾಡಿಕೊಡುತ್ತೇನೆ ಅಂದಿದ್ದಾನೆ, ಟ್ರಂಕಿನ ಸಿಡಿ-ಆರ್‌ಗಳಿಂದ ಶುರು ಮಾಡುತ್ತೇವೆ. ಉಳಿದ ದುಡ್ಡು ಹಾಗೇ ಇಟ್ಟಿದ್ದೇನೆ. ಟ್ರೇ ಮತ್ತು ಡಿಸ್‌ಪ್ಲೇ ಇರುವ, ಒಳ್ಳೆ ಸ್ಥಿತಿಯ ಹಳೆಯ ಸಿಡಿ ಪ್ಲೇಯರನ್ನು ಹುಬ್ಬಳ್ಳಿ, ಶಿವಮೊಗ್ಗ ಕಡೆ ಯಾರಾದರೂ ಕೊಡುವವರಿದ್ದರೆ ಇಲ್ಲೇ ತಿಳಿಸಿ. 70 ನಿಮಿಷದ ಸಿಡಿಯನ್ನೂ ಒಂದು ಸಿಡಿ-ಆರ್ ಅನ್ನೂ ಹಿಡಿದುಕೊಂಡೇ ಬರುತ್ತೇನೆ.